ನೆನಪಿನ ಕಾಣಿಕೆಗೆ ಕ್ರಿಸ್ಟಲ್: 450 ರೂಪಾಯಿಗೂ 1,900 ರೂಪಾಯಿಗೂ ನಡುವೆ ಇರುವುದೇನು?

ಹೆಬ್ಬಾಳದ ಕಚೇರಿಯಿಂದ
ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಆಡಳಿತ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ದಸರಾ ಮುಗಿದ ಮೇಲೆ ಕಾರ್ಖಾನೆಗೆ 25 ವರ್ಷ ತುಂಬುತ್ತದೆ. ಮೊದಲ ದಿನದಿಂದ ಜೊತೆಗಿರುವ 38 ಕಾರ್ಮಿಕರಿಗೆ ಹೆಸರು ಕೆತ್ತಿಸಿದ ಕ್ರಿಸ್ಟಲ್ ಸ್ಮರಣಿಕೆ ಕೊಡಬೇಕೆಂದು ಮಾಲೀಕರು ಹೇಳಿದ್ದಾರೆ. ಮೂರು ಕಡೆ ಬೆಲೆ ಕೇಳಿದೆ. ಆರು ಇಂಚು ಎತ್ತರದ ಒಂದೇ ಆಕಾರಕ್ಕೆ ಒಬ್ಬರು 450 ಎಂದರು, ಇನ್ನೊಬ್ಬರು 1,100, ಮೂರನೆಯವರು 1,900. ಮೂವರೂ ಕೊಟೇಶನ್‌ನಲ್ಲಿ ಬರೆದಿರುವುದು ‘ಕ್ರಿಸ್ಟಲ್’ ಎಂದೇ.

ಹಣಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಐದು ವರ್ಷದ ಹಿಂದೆ ನಿವೃತ್ತರಾದ ನಮ್ಮ ಹಿರಿಯ ಫಿಟ್ಟರ್ ಒಬ್ಬರಿಗೆ ಇಂಥದೇ ಒಂದನ್ನು ಕೊಟ್ಟಿದ್ದೆವು. ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದಾರೆ, ಆದರೆ ಮೈತುಂಬಾ ಗೀರು, ಮಬ್ಬು. ಅವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಅಲ್ಲಿ ಕೊಟ್ಟ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಈ ಸಲ ಹಾಗಾಗಬಾರದು. ಈ ವಸ್ತು ಹೇಗೆ ತಯಾರಾಗುತ್ತದೆ, ಏನು ನೋಡಿ ಕೊಳ್ಳಬೇಕು, ತಿಳಿದವರು ದಯವಿಟ್ಟು ಹೇಳಿ.

ಕುವೆಂಪುನಗರ ನಿವಾಸಿ
450ರದ್ದು ಗಾಜೇ ಅಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಹಿರಿಯರ ಮನೆಯಲ್ಲಿ ನೀವು ಕಂಡದ್ದೂ ಅದೇ ಇರಬೇಕು.

ಲೇಸರ್ ಅಂಗಡಿಯವನು
ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ನಮ್ಮಂಥ ಅಂಗಡಿಗಳಲ್ಲಿ ಗಾಜನ್ನು ತಯಾರಿಸುವುದಿಲ್ಲ. ಕತ್ತರಿಸಿ, ಹೊಳಪು ಕೊಟ್ಟ ಖಾಲಿ ತುಂಡುಗಳು ಪೆಟ್ಟಿಗೆಯಲ್ಲಿ ಬರುತ್ತವೆ. ನಮ್ಮ ಕೈಯಲ್ಲಿ ಆಗುವುದು ಅಕ್ಷರ, ಚಿತ್ರ, ಜೋಡಣೆ. ಮಾರುಕಟ್ಟೆಯಲ್ಲಿ ‘ಕೆ9’ ಎಂದು ಕರೆಯುವುದು ಬೋರಾನ್ ಸೇರಿಸಿದ ಒಂದು ಬಗೆಯ ಆಪ್ಟಿಕಲ್ ಗಾಜು. ಮಸೂರಗಳನ್ನು ಮಾಡುವ ಗಾಜಿನ ಜಾತಿಗೆ ಸೇರಿದ್ದು. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಪುಜಿಯಾಂಗ್ ಈ ಕೆಲಸಕ್ಕೆ ಹೆಸರಾದ ಊರು.

ಕುಲುಮೆಯಲ್ಲಿ ಕರಗಿಸಿದ ಗಾಜನ್ನು ಅಚ್ಚಿಗೆ ಸುರಿದು ಬಹಳ ನಿಧಾನವಾಗಿ ಆರಿಸುತ್ತಾರೆ. ಅವಸರ ಮಾಡಿದರೆ ಹೊರಮೈ ಮೊದಲು ಗಟ್ಟಿಯಾಗಿ, ಒಳಗೆ ಬಿಗಿತ ಉಳಿದುಬಿಡುತ್ತದೆ. ಅಂಥ ತುಂಡು ಆಮೇಲೆ ಎಂದಾದರೂ ತಾನಾಗಿ ಸೀಳಬಹುದು. ಆರಿದ ಗಟ್ಟಿಯನ್ನು ವಜ್ರದ ಹುಡಿ ಕೂರಿಸಿದ ಗರಗಸದಿಂದ ನೀರು ಹರಿಸುತ್ತಾ ಕತ್ತರಿಸುತ್ತಾರೆ. ದಪ್ಪ ಹುಡಿಯಿಂದ ಆರಂಭಿಸಿ ಸಣ್ಣ ಹುಡಿಯವರೆಗೆ ಹಂತ ಹಂತವಾಗಿ ಉಜ್ಜುತ್ತಾರೆ. ಕೊನೆಗೆ ಸೀರಿಯಂ ಆಕ್ಸೈಡ್ ಹುಡಿಯ ಹೊಳಪು. ಒಂದು ಹಂತ ತಪ್ಪಿಸಿದರೂ ಹಿಂದಿನ ಗೀರು ಹೊಳಪಿನ ಕೆಳಗೆ ಉಳಿಯುತ್ತದೆ. ತುಂಡನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ, ದೀಪದ ಗೆರೆ ಅಲೆಯಂತೆ ಬಾಗಿದರೆ ಉಜ್ಜುವಿಕೆ ಕಳಪೆ.

ಇನ್ನು ನಿಮ್ಮ ಬೆಲೆಗಳು. ನನ್ನ ಅಂದಾಜಿನಲ್ಲಿ 1,100 ಎನ್ನುವುದು ಈ ಗಾಜಿನ ಮೇಲೆ ಮರಳು ಊದಿ ಕೆತ್ತುವುದಕ್ಕೆ, 1,900 ಎನ್ನುವುದು ಒಳಗೆ ಲೇಸರ್ ಚಿತ್ರ ಮೂಡಿಸುವುದಕ್ಕೆ. ಮೂವರಿಂದಲೂ ‘ಯಾವ ವಸ್ತು, ಯಾವ ಕೆತ್ತನೆ’ ಎಂದು ಬರವಣಿಗೆಯಲ್ಲಿ ಕೇಳಿ. ಬರೆದು ಕೊಡದವರನ್ನು ಬಿಡಿ.

ಸರಸ್ವತಿಪುರಂ ಗೃಹಿಣಿ
ಗಾಜಿನ ಒಳಗೆ ಚಿತ್ರ ಹೇಗೆ ಹೋಗುತ್ತದೆ ಅಣ್ಣಾ? ಹೊರಗೆ ಒಂದು ತೂತೂ ಕಾಣುವುದಿಲ್ಲವಲ್ಲ. ನಮ್ಮ ಮಗಳು ಎರಡು ಗಾಜಿನ ನಡುವೆ ಅಂಟಿಸಿದ್ದಾರೆ ಎಂದು ವಾದಿಸುತ್ತಾಳೆ.

ಲೇಸರ್ ಅಂಗಡಿಯವನು
ಅಂಟಿಸಿರುವುದಿಲ್ಲ ಅಕ್ಕಾ. ಹಸಿರು ಬಣ್ಣದ ಲೇಸರ್ ಕಿರಣ, ಅದರ ತರಂಗದ ಉದ್ದ 532 ನ್ಯಾನೋಮೀಟರ್. ಶುದ್ಧ ಗಾಜು ಆ ಬೆಳಕನ್ನು ತಡೆಯುವುದಿಲ್ಲ, ಹಾಗಾಗಿ ಮೇಲ್ಮೈಗೆ ಏನೂ ಆಗುವುದಿಲ್ಲ. ಮಸೂರ ಅದನ್ನು ಒಳಗಿನ ಒಂದು ಬಿಂದುವಿನಲ್ಲಿ ಒಟ್ಟುಗೂಡಿಸಿದಾಗ ಆ ಜಾಗದಲ್ಲಿ ಮಾತ್ರ ಶಕ್ತಿ ಮಿತಿ ಮೀರಿ ಕೂದಲೆಳೆಯಷ್ಟು ಬಿರುಕು ಮೂಡುತ್ತದೆ. ನಿಮಗೆ ಬಿಳಿ ಚುಕ್ಕಿಯಾಗಿ ಕಾಣುವುದು ಆ ಬಿರುಕೇ. ಇಂಥ ಚುಕ್ಕಿಗಳು ಸಾವಿರಗಟ್ಟಲೆ, ಲಕ್ಷಗಟ್ಟಲೆ ಸೇರಿದರೆ ಒಂದು ಮುಖ. ರಂಗೋಲಿಗೆ ಚುಕ್ಕಿ ಇಟ್ಟಂತೆ, ಆದರೆ ನೆಲದ ಮೇಲಲ್ಲ, ಆಳದಲ್ಲಿ. ತಳದ ಪದರದಿಂದ ಆರಂಭಿಸಿ ಮೇಲಕ್ಕೆ ಬರುತ್ತೇವೆ. ಮೇಲಿನದನ್ನು ಮೊದಲು ಹೊಡೆದರೆ ಆ ಚುಕ್ಕಿಗಳೇ ಕೆಳಗೆ ಹೋಗುವ ಕಿರಣಕ್ಕೆ ಅಡ್ಡ ನಿಲ್ಲುತ್ತವೆ.

ಸರಸ್ವತಿಪುರಂ ಗೃಹಿಣಿ
ಮಗಳಿಗೆ ಓದಿ ಹೇಳಿದೆ. ಈಗ ಅವಳಿಗೆ ಅದನ್ನು ನೋಡಲು ನಿಮ್ಮ ಅಂಗಡಿಗೇ ಬರಬೇಕಂತೆ!

ಜಯಲಕ್ಷ್ಮೀಪುರಂ
ಒಂದು ತಿದ್ದುಪಡಿ. ನಿಜವಾದ ಕ್ರಿಸ್ಟಲ್ ಎಂದರೆ ಸೀಸ ಇರಲೇಬೇಕು. ಸೀಸವಿಲ್ಲದ್ದು ಬರೀ ಗಾಜು. ಕೆ9 ಅನ್ನು ಕ್ರಿಸ್ಟಲ್ ಎಂದು ಮಾರುವುದು ಮೋಸ. ಸೀಸದ್ದನ್ನೇ ಕೇಳಿ ತೆಗೆದುಕೊಳ್ಳಿ.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು
ಅರ್ಧ ಸರಿ, ಅರ್ಧ ತಪ್ಪು.

ಹೆಸರಿನಿಂದಲೇ ಹಿಡಿಯೋಣ. ಸ್ಫಟಿಕ ಎಂದರೆ ಅಣುಗಳು ಸಾಲಾಗಿ, ಕ್ರಮವಾಗಿ ಕುಳಿತ ವಸ್ತು. ಉಪ್ಪಿನ ಹರಳು, ಕಲ್ಲುಸಕ್ಕರೆ, ಬೆಣಚುಕಲ್ಲು ಎಲ್ಲವೂ ಸ್ಫಟಿಕಗಳೇ. ಗಾಜಿನಲ್ಲಿ ಆ ಕ್ರಮವಿಲ್ಲ. ಸೀಸ ಹಾಕಿದರೂ ಇಲ್ಲ, ಹಾಕದಿದ್ದರೂ ಇಲ್ಲ. 15ನೇ ಶತಮಾನದಲ್ಲಿ ವೆನಿಸ್ ಪಕ್ಕದ ಮುರಾನೊ ದ್ವೀಪದ ಕುಶಲಕರ್ಮಿಗಳು ಬಣ್ಣದ ಛಾಯೆಯೇ ಇಲ್ಲದ ಗಾಜು ಮಾಡಿ, ಅದು ಬೆಟ್ಟದ ಸ್ಫಟಿಕದಂತೆ ಕಾಣುತ್ತದೆಂದು ‘ಕ್ರಿಸ್ಟಲ್ಲೊ’ ಎಂದರು. ಹೆಸರು ಹುಟ್ಟಿದ್ದೇ ಹೋಲಿಕೆಯಿಂದ, ಆಗ ಸೀಸದ ಮಾತೇ ಇರಲಿಲ್ಲ. ಸೀಸದ ಗಾಜಿಗೆ ಇಂಗ್ಲೆಂಡಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಹೆಸರು ಅಂಟಿಕೊಂಡಿದೆ. ಅವರ ಪೇಟೆಂಟ್ 1674ರದ್ದು.

ಯುರೋಪಿನಲ್ಲಿ 1969ರ ನಿಯಮದ ಪ್ರಕಾರ ಸೀಸದ ಆಕ್ಸೈಡ್ ಶೇ 24 ಇದ್ದರೆ ‘ಲೆಡ್ ಕ್ರಿಸ್ಟಲ್’, ಶೇ 30 ಇದ್ದರೆ ‘ಫುಲ್ ಲೆಡ್ ಕ್ರಿಸ್ಟಲ್’. ಸೀಸ ಸೇರಿದ ಗಾಜು ಮೆತ್ತಗಿರುತ್ತದೆ, ಚಕ್ರಕ್ಕೆ ಹಿಡಿದು ಕೈಯಿಂದ ಕಡಿಯಲು ಒಗ್ಗುತ್ತದೆ, ಬೆಳಕನ್ನು ಹೆಚ್ಚು ಒಡೆದು ಕಾಮನಬಿಲ್ಲು ತೋರಿಸುತ್ತದೆ. ಇಂದಿನ ಚೆಕ್ ದೇಶದ ಬೊಹೀಮಿಯಾ, ಐರ್ಲೆಂಡಿನ ವಾಟರ್‌ಫರ್ಡ್, ಆಸ್ಟ್ರಿಯಾದ ವಾಟೆನ್ಸ್‌ನಲ್ಲಿ 1895ರಲ್ಲಿ ಆರಂಭವಾದ ಸ್ವರೋವ್‌ಸ್ಕಿ, ಇವುಗಳ ಕೀರ್ತಿ ನಿಂತಿರುವುದು ಕಡಿಯುವ ಕೌಶಲದ ಮೇಲೆ. ಈ ಪೈಕಿ ಬೊಹೀಮಿಯಾದ ಹಳೆಯ ಖ್ಯಾತಿಯ ಗಾಜು ಸೀಸದ್ದಲ್ಲ, ಪೊಟ್ಯಾಶ್ ಮತ್ತು ಸುಣ್ಣದ್ದು. ಸೀಸವಿಲ್ಲದ್ದು ಕ್ರಿಸ್ಟಲ್ ಅಲ್ಲ ಎನ್ನುವವರು ಅದಕ್ಕೇನು ಹೇಳುತ್ತಾರೆ?

ಸ್ಮರಣಿಕೆಗೆ ಸೀಸ ಬೇಕಿಲ್ಲ. ಪಾನೀಯದ ಪಾತ್ರೆಯಾದರಂತೂ ಸೀಸದ್ದು ಬೇಡವೇ ಬೇಡ. ಹುಳಿಯಾದದ್ದು, ಮದ್ಯ ಬಹಳ ಹೊತ್ತು ಅದರಲ್ಲಿದ್ದರೆ ಸೀಸ ಬಿಡುತ್ತದೆ.

ಜಯಲಕ್ಷ್ಮೀಪುರಂ
ಬೊಹೀಮಿಯಾದ ವಿಷಯ ಒಪ್ಪಿದೆ ಮೇಷ್ಟ್ರೇ. ಆದರೂ ಅಂಗಡಿಯವರು ‘ಸೀಸರಹಿತ ಗಾಜು’ ಎಂದು ಬರೆದರೆ ಏನು ಗಂಟು ಹೋಗುತ್ತದೆ? ಕೊಳ್ಳುವವನಿಗೆ ತಿಳಿಯಬೇಡವೇ?

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು
ಆ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಹೆಬ್ಬಾಳದ ಕಚೇರಿಯಿಂದ
ಮೇಷ್ಟ್ರೇ, ಅಕ್ರಿಲಿಕ್ ಯಾವುದು, ಗಾಜು ಯಾವುದು ಎಂದು ಅಂಗಡಿಯಲ್ಲೇ ಗುರುತಿಸಲು ದಾರಿ ಇದೆಯೇ? ಎರಡೂ ಹೊಳೆಯುತ್ತವೆ.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು
ಹೊಳಪನ್ನು ನಂಬಬೇಡಿ. ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ಅಕ್ರಿಲಿಕ್ 1.49, ಕೆ9 ಗಾಜು 1.52. ವ್ಯತ್ಯಾಸ ಅಲ್ಪ, ಆದ್ದರಿಂದಲೇ ಹೊಸದರಲ್ಲಿ ಕಣ್ಣು ಮೋಸಹೋಗುತ್ತದೆ. ಆದರೆ ತೂಕ ಸುಳ್ಳು ಹೇಳುವುದಿಲ್ಲ. ಕೈಗೆ ತಣ್ಣಗೆ, ಭಾರವಾಗಿ ಕಂಡರೆ ಗಾಜು.

ಖಚಿತವಾಗಬೇಕಾದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ತುಂಡನ್ನು ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ಅಗಲವಾದ ಪಾತ್ರೆಯಲ್ಲಿ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ತುಂಡಿಗೆ ದಾರ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಘನ ಸೆಂಟಿಮೀಟರ್ ಅದರ ಗಾತ್ರ. ತೂಕವನ್ನು ಗಾತ್ರದಿಂದ ಭಾಗಿಸಿ. 1.2ರ ಹತ್ತಿರ ಬಂದರೆ ಅಕ್ರಿಲಿಕ್, 2.5 ಬಂದರೆ ಸಾಮಾನ್ಯ ಗಾಜು ಅಥವಾ ಕೆ9, 2.9 ದಾಟಿದರೆ ಸೀಸದ್ದು. ಮರದ ಪೀಠ ಅಂಟಿಸಿದ್ದಕ್ಕೆ ಇದು ನಡೆಯುವುದಿಲ್ಲ.

ಅಗ್ರಹಾರದವಳು
ಹಾಗಾದರೆ ನನ್ನ ಸ್ಫಟಿಕದ ಜಪಮಾಲೆಯನ್ನೂ ಹೀಗೆ ಪರೀಕ್ಷಿಸಬಹುದೇ? ತೀರ್ಥಕ್ಷೇತ್ರವೊಂದರಲ್ಲಿ ಕೊಂಡದ್ದು. ಶೃಂಗೇರಿಯ ಚಂದ್ರಮೌಳೀಶ್ವರ ಸ್ಫಟಿಕ ಲಿಂಗದ ಪೂಜೆ ನೋಡಿ ಬಂದಂದಿನಿಂದ ಮನಸ್ಸಿನಲ್ಲಿ ಈ ಅನುಮಾನ ಕೊರೆಯುತ್ತಿದೆ.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು
ಕಷ್ಟ ತಾಯಿ. ಜಪಮಾಲೆಯ ಸ್ಫಟಿಕ ಎಂದರೆ ಪಾರದರ್ಶಕ ಬೆಣಚುಕಲ್ಲು. ಅದು 2.65, ಗಾಜು 2.5; ಅಡುಗೆಮನೆಯ ತಕ್ಕಡಿಗೆ ಆ ಅಂತರ ಸಿಗುವುದು ಕಷ್ಟ. ಭೂತಗನ್ನಡಿಯಲ್ಲಿ ಮಣಿಯ ಒಳಗೆ ದುಂಡನೆಯ ಗುಳ್ಳೆ ಕಂಡರೆ ಗಾಜು. ಗುಳ್ಳೆ ಇಲ್ಲವೆಂದ ಮಾತ್ರಕ್ಕೆ ಸ್ಫಟಿಕವೆಂದು ಹೇಳಲಾಗದು. ಸ್ಫಟಿಕ ಗಾಜಿಗಿಂತ ಗಟ್ಟಿ, ಗಾಜಿನ ಮೇಲೆ ಗೀರು ಹಾಕುತ್ತದೆ. ಜಪದ ಮಣಿಯನ್ನು ಹಾಗೆ ಗೀರಿ ನೋಡಿ ಎಂದು ನಾನು ಹೇಳುವುದಿಲ್ಲ.

ಕೆ.ಆರ್. ಮೊಹಲ್ಲಾ
ಮೈಸೂರಿನವರು ಚೀನಾದ ಗಾಜಿಗೆ ಯಾಕೆ ಹೋಗಬೇಕು ಎಂಬುದೇ ನನಗೆ ಅರ್ಥವಾಗದ ಸಂಗತಿ. ಬೀಟೆ ಮರದ ಇನ್‌ಲೇ ಕೆಲಸ ನಮ್ಮ ಊರಿನದು, ಭೌಗೋಳಿಕ ಗುರುತು ಪಡೆದದ್ದು. ಒಂದು ಫಲಕದಲ್ಲಿ ಹತ್ತಾರು ಬಣ್ಣದ ಮರದ ಚೂರುಗಳು ಕೂರುತ್ತವೆ. ಬಣ್ಣ ಬಳಿಯುವುದಿಲ್ಲ, ಮರದ ಸಹಜ ಬಣ್ಣವೇ ಆನೆಯೂ ಆಗುತ್ತದೆ, ಅರಮನೆಯೂ ಆಗುತ್ತದೆ. ನಮ್ಮ ಚಿಕ್ಕಪ್ಪ ಆ ಕೆಲಸ ಮಾಡಿಯೇ ಮೂವರು ಮಕ್ಕಳನ್ನು ಓದಿಸಿದರು. 38 ಫಲಕ ಎಂದರೆ ಒಂದು ಮನೆಗೆ ಎಷ್ಟೋ ತಿಂಗಳ ಅನ್ನ.

ಮೇಟಗಳ್ಳಿ ಉದ್ಯೋಗಿ
ಅದು ಚಂದ, ಒಪ್ಪುತ್ತೇನೆ. ಆದರೆ ದಸರಾ ಮುಗಿಯುವಷ್ಟರಲ್ಲಿ 38 ಕೈಕೆಲಸದ ಫಲಕ ಮುಗಿಯುತ್ತದೆಯೇ? ಅವಸರಪಡಿಸಿದರೆ ಚಿತ್ರ ಅಚ್ಚು ಹಾಕಿದ ತೆಳು ಹಲಗೆಯನ್ನು ‘ಇನ್‌ಲೇ’ ಎಂದು ಕೊಡುವವರೂ ಇದ್ದಾರೆ. ಆಗ ಅಕ್ರಿಲಿಕ್ ಕಥೆಯೇ ಮರದಲ್ಲಿ ಆಗುತ್ತದೆ.

ಕೆ.ಆರ್. ಮೊಹಲ್ಲಾ
ಆರು ತಿಂಗಳ ಮೊದಲೇ ಹೇಳಿದರೆ ಯಾಕೆ ಆಗುವುದಿಲ್ಲ? 25 ವರ್ಷ ಒಂದೇ ದಿನದಲ್ಲಿ ತುಂಬಿತೇ? ಕಾರ್ಖಾನೆಗಳು ಕಡೆಯ ವಾರದಲ್ಲಿ ಅಂಗಡಿಗೆ ಓಡುವುದೇ ತಪ್ಪು.

ಕೂರ್ಗಳ್ಳಿ ಹುಡುಗ
ಗಾಜೂ ಬೇಡ, ಮರವೂ ಬೇಡ. ಅದೇ ಹಣವನ್ನು ಸಂಬಳದ ಜೊತೆ ಕೊಡಿ. ನಮ್ಮ ಬಾಡಿಗೆ ಮನೆಯಲ್ಲಿ ಇಂಥವನ್ನು ಇಡಲು ಗೂಡೇ ಇಲ್ಲ.

ಮಂಡ್ಯದ ಹೆಣ್ಣುಮಗಳು
ಕೂರ್ಗಳ್ಳಿಯ ತಮ್ಮನ ಮಾತು ತಪ್ಪಲ್ಲ. ಆದರೆ ನಮ್ಮ ಮನೆಯ ಒಂದು ವಿಷಯ ಹೇಳುತ್ತೇನೆ.

ಅಪ್ಪ ಕಾರ್ಖಾನೆಯೊಂದರಲ್ಲಿ 31 ವರ್ಷ ದುಡಿದರು. ನಿವೃತ್ತಿಯ ದಿನ ಹಾರ, ಶಾಲು, ಗಾಜಿನ ಸ್ಮರಣಿಕೆ. ಒಳ್ಳೆಯ ಗಾಜೇ ಅದು, ಇವತ್ತಿಗೂ ಒಂದು ಗೀರಿಲ್ಲ. ಆದರೆ ಅಪ್ಪನ ಹೆಸರಿನ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿತ್ತು. ‘ಕೃತಜ್ಞತೆಗಳೊಂದಿಗೆ’ ಎನ್ನುವ ಪದದಲ್ಲಿ ‘ಜ್ಞ’ ಎರಡು ಹೋಳಾಗಿತ್ತು. ವೇದಿಕೆಯ ಮೇಲೆ ಯಾರೂ ಗಮನಿಸಲಿಲ್ಲ. ಅಪ್ಪ ಬಸ್ಸಿನಲ್ಲಿ ಕುಳಿತು ಓದಿಕೊಂಡರು. ಮನೆಗೆ ಬಂದು ಶೋಕೇಸಿನಲ್ಲಿ ಇಟ್ಟರು, ಆದರೆ ಅಕ್ಷರದ ಬದಿಯನ್ನು ಗೋಡೆಗೆ ತಿರುಗಿಸಿ. ಅವರು ಹೋಗಿ ನಾಲ್ಕು ವರ್ಷವಾಯಿತು, ಅದು ಹಾಗೆಯೇ ಇದೆ. ತಿರುಗಿಸಲು ನನಗೆ ಕೈ ಬರುವುದಿಲ್ಲ.

ಯಾವ ಗಾಜು ಎಂದು ಇಷ್ಟೊಂದು ಮಾತಾಡಿದಿರಿ. ಅಕ್ಷರದ ಬಗ್ಗೆ ಒಬ್ಬರಾದರೂ ಮಾತಾಡಿ.

ಹೆಬ್ಬಾಳದ ಕಚೇರಿಯಿಂದ
ಅಕ್ಕಾ, ಓದಿ ಸುಮ್ಮನೆ ಕುಳಿತುಬಿಟ್ಟೆ. ಅಕ್ಷರದ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ನಮ್ಮ 38 ಜನರಲ್ಲಿ ಇಂಗ್ಲಿಷಿನಲ್ಲಿ ಹೆಸರು ಬೇಕೆನ್ನುವವರು ಇಬ್ಬರೋ ಮೂವರೋ ಇರಬಹುದು.

ಲೇಸರ್ ಅಂಗಡಿಯವನು
ಅಕ್ಕಾ, ಈ ತಪ್ಪು ನಮ್ಮ ಕಸುಬಿನದು, ಆದ್ದರಿಂದ ನಾನೇ ಹೇಳಬೇಕು.

ಕನ್ನಡ ಒಡೆಯುವುದು ಕೆತ್ತುವ ಯಂತ್ರದಲ್ಲಲ್ಲ, ಅದಕ್ಕೆ ಮೊದಲೇ, ಕಂಪ್ಯೂಟರಿನಲ್ಲಿ. ಗಿರಾಕಿ ಮೊಬೈಲಿನಿಂದ ಯೂನಿಕೋಡ್ ಅಕ್ಷರ ಕಳುಹಿಸುತ್ತಾರೆ. ಹಲವು ಅಂಗಡಿಗಳ ವಿನ್ಯಾಸ ತಂತ್ರಾಂಶ ಹಳೆಯದು, ಅದಕ್ಕೆ ಕನ್ನಡದ ಒತ್ತು, ಅರ್ಕಾವತ್ತು ಜೋಡಿಸುವುದು ಗೊತ್ತಿಲ್ಲ. ಇನ್ನು ಕೆಲವರಲ್ಲಿ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಗಳಿರುತ್ತವೆ. ಯೂನಿಕೋಡಿನಿಂದ ಅದಕ್ಕೆ ಬದಲಾಯಿಸುವಾಗ ಒಂದೆರಡು ಒತ್ತು ಜಾರುತ್ತವೆ. ಕನ್ನಡ ಓದಲು ಬಾರದ ಹುಡುಗ ಯಂತ್ರದ ಮುಂದಿದ್ದರೆ ಅವನಿಗೆ ಅದು ತಪ್ಪೆಂದು ತಿಳಿಯುವುದೇ ಇಲ್ಲ.

ಎರಡನೆಯದು, ಅಕ್ಷರದ ಗಾತ್ರ. ಮರಳು ಊದುವ ಕೆಲಸ ಹೀಗೆ: ಗಾಜಿನ ಮೇಲೆ ರಬ್ಬರಿನಂಥ ಹಾಳೆ ಅಂಟಿಸಿ, ಅಕ್ಷರದ ಜಾಗವನ್ನಷ್ಟೇ ಕತ್ತರಿಸಿ ತೆಗೆಯುತ್ತೇವೆ. ಸಣ್ಣ ಅಕ್ಷರಕ್ಕೆ ಬೆಳಕಿಗೆ ಒಡ್ಡಿ ನೀರಿನಲ್ಲಿ ತೊಳೆಯುವ ಫಿಲ್ಮ್ ಬಳಸುತ್ತೇವೆ. ಅದರ ಮೇಲೆ ಗಾಳಿಯ ಒತ್ತಡದಲ್ಲಿ ಗಟ್ಟಿ ಹುಡಿ ಹೊಡೆದರೆ ತೆರೆದ ಜಾಗ ತರಚಿ ಬೆಳ್ಳಗಾಗುತ್ತದೆ. ಬೇಕಾದರೆ ಚಿನ್ನದ ಬಣ್ಣ ತುಂಬಿ ಹಾಳೆ ಕಿತ್ತರೆ ಆಯಿತು. ಇಂಗ್ಲಿಷ್ ಅಕ್ಷರ ಐದು ಮಿಲಿಮೀಟರಿಗೂ ನಿಲ್ಲುತ್ತದೆ. ನಮ್ಮ ‘ಕ್ಷ್ಮ’, ‘ಷ್ಟ್ರ’ ಅಷ್ಟು ಚಿಕ್ಕದಾದರೆ ಒಳಗಿನ ಕಿಂಡಿಗಳು ಮುಚ್ಚಿ ಚುಕ್ಕೆಯಾಗುತ್ತವೆ. ನನ್ನ ಅನುಭವದಲ್ಲಿ ಒತ್ತಕ್ಷರವೂ ಸೇರಿ ಹತ್ತು ಮಿಲಿಮೀಟರ್ ಇರಲಿ, ಗೆರೆ ಒಂದೇ ದಪ್ಪದ ಅಕ್ಷರಶೈಲಿ ಇರಲಿ.

ಹೆಬ್ಬಾಳದ ಸರ್, ಒಂದು ಕೆಲಸ ಮಾಡಿ. ಹೆಸರುಗಳನ್ನು ನಿಮ್ಮ ಕಚೇರಿಯಲ್ಲೇ ಟೈಪ್ ಮಾಡಿ, ಪಿಡಿಎಫ್ ಮಾಡಿ ಕೊಡಿ. ಅಂಗಡಿಯವರು ಅದನ್ನು ರೇಖಾಚಿತ್ರವಾಗಿ ಬದಲಾಯಿಸಿದ ಮೇಲೆ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಅಚ್ಚು ತೆಗೆಸಿ. ಆ ಕಾಗದವನ್ನು ಯಾರ ಹೆಸರೋ ಅವರ ಕೈಗೇ ಕೊಟ್ಟು ಓದಿಸಿ.

ಮಂಡ್ಯದ ಹೆಣ್ಣುಮಗಳು
ಅವರ ಕೈಗೇ ಕೊಡಿ. ದಯವಿಟ್ಟು ಅದೊಂದನ್ನು ಮಾಡಿ. ಆಶ್ಚರ್ಯದ ಉಡುಗೊರೆ ಆಗದಿದ್ದರೂ ಪರವಾಗಿಲ್ಲ.

ಯರಗನಹಳ್ಳಿ
ಮರಳು ಊದುವವರ ಎದೆಯ ಬಗ್ಗೆಯೂ ಎರಡು ಮಾತು. ನಿಜವಾದ ಮರಳನ್ನೇ ಬಳಸಿದರೆ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಬರುತ್ತದೆ, ಬಂದರೆ ವಾಸಿಯಾಗುವುದಿಲ್ಲ. ನಮ್ಮ ಬಾವ ಬೇರೆ ಊರಿನಲ್ಲಿ ಅದೇ ಕೆಲಸ ಮಾಡಿ ಈಗ ಒಂದು ಮಹಡಿ ಹತ್ತಲಾರರು. ಕೊಳ್ಳುವಾಗ ಬೆಲೆ ಕೇಳಿದಂತೆ ಇದನ್ನೂ ಕೇಳಿ.

ಲೇಸರ್ ಅಂಗಡಿಯವನು
ಸರಿಯಾದ ಮಾತು. ನಮ್ಮಲ್ಲಿ ಮುಚ್ಚಿದ ಪೆಟ್ಟಿಗೆ, ಹೊರಗಿನಿಂದ ಕೈಗವಸು, ಅಲ್ಯುಮಿನಿಯಂ ಆಕ್ಸೈಡ್ ಹುಡಿ, ದೂಳು ಎಳೆಯುವ ಫ್ಯಾನು. ತೆರೆದ ಜಾಗದಲ್ಲಿ ಮೂಗಿಗೆ ಬಟ್ಟೆ ಕಟ್ಟಿ ಮಾಡುವ ಕಡೆ ಕೆಲಸ ಕೊಡಬೇಡಿ, ಎಷ್ಟೇ ಅಗ್ಗವಾದರೂ.

ಲೆಕ್ಕಪತ್ರ ನೋಡುವವರು
ನಿಮ್ಮ ಲೆಕ್ಕ ವಿಭಾಗಕ್ಕೆ ತಿಳಿಸಿ: ಉಡುಗೊರೆಯಾಗಿ ಕೊಟ್ಟ ಸರಕಿಗೆ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ, ಸಿಗುವುದಿಲ್ಲ, 17(5)ನೇ ಕಲಂ ಅದನ್ನು ತಡೆಯುತ್ತದೆ. ನೌಕರನೊಬ್ಬನಿಗೆ ಒಂದು ಹಣಕಾಸು ವರ್ಷದಲ್ಲಿ 50,000 ರೂಪಾಯಿವರೆಗಿನ ಉಡುಗೊರೆಯನ್ನು ತೆರಿಗೆ ಬೀಳುವ ‘ಪೂರೈಕೆ’ ಎಂದು ಎಣಿಸುವುದಿಲ್ಲ, ಆ ಕಡೆ ಚಿಂತೆ ಬೇಡ.

ಹೆಬ್ಬಾಳದ ಕಚೇರಿಯಿಂದ
ಎಲ್ಲರಿಗೂ ವರದಿ ಒಪ್ಪಿಸುತ್ತೇನೆ. ನಿನ್ನೆ ಆ ಹಿರಿಯ ಫಿಟ್ಟರ್ ಮನೆಗೆ ಮತ್ತೆ ಹೋಗಿ ಹಳೆಯ ಸ್ಮರಣಿಕೆಯನ್ನು ಕೇಳಿ ತಂದೆ. ಮೇಷ್ಟ್ರು ಹೇಳಿದಂತೆ ತೂಗಿದೆ. ತೂಕ 612 ಗ್ರಾಂ, ನೀರಿನಲ್ಲಿ 514. ಭಾಗಿಸಿದರೆ 1.19. ಶುದ್ಧ ಅಕ್ರಿಲಿಕ್. ಅಂದಿನ ಬಿಲ್ ತೆಗೆಸಿ ನೋಡಿದೆ, ‘ಕ್ರಿಸ್ಟಲ್’ ಎಂದೇ ಇದೆ, ಗಾಜಿನ ಬೆಲೆಯೇ ಇದೆ.

1,100 ಹೇಳಿದವರ ಮಾದರಿಯನ್ನೂ ಅವರ ಅಂಗಡಿಯಲ್ಲೇ ತೂಗಿದೆ. ಮಾಲೀಕರು ಬೇಡ ಎನ್ನಲಿಲ್ಲ, ತಾವೇ ಪಾತ್ರೆ ತಂದುಕೊಟ್ಟರು. 1,140 ಗ್ರಾಂ, 455 ಘನ ಸೆಂಟಿಮೀಟರ್, ಅಂದರೆ 2.5. ವಸ್ತುವಿನ ಹೆಸರನ್ನು ‘ಸೀಸರಹಿತ ಆಪ್ಟಿಕಲ್ ಗಾಜು’ ಎಂದು ಬರೆದುಕೊಟ್ಟಿದ್ದಾರೆ. ಜಯಲಕ್ಷ್ಮೀಪುರಂ ಅವರಿಗೆ ಇದು ಸಮಾಧಾನ ತರಲಿ. 38ರ ಬದಲು 39 ಹೇಳಿದ್ದೇನೆ. ಆ ಹಿರಿಯರಿಗೂ ಒಂದು.

ಜಯಲಕ್ಷ್ಮೀಪುರಂ
ಬಂತು ಸಮಾಧಾನ! ಆ ಒಂದಕ್ಕೆ ನಿಮಗೆ ನಮಸ್ಕಾರ.

ಕೆ.ಆರ್. ಮೊಹಲ್ಲಾ
ಮರಕ್ಕೆ ಜಾಗವೇ ಇಲ್ಲವೇ ಹಾಗಾದರೆ?

ಹೆಬ್ಬಾಳದ ಕಚೇರಿಯಿಂದ
ಇದೆ ಸರ್. ಸಂಸ್ಥೆಯ ಸ್ವಾಗತ ಕೊಠಡಿಗೆ ಒಂದು ದೊಡ್ಡ ಇನ್‌ಲೇ ಫಲಕ ಮಾಡಿಸಲು ಮಾಲೀಕರನ್ನು ಒಪ್ಪಿಸಿದ್ದೇನೆ, ಅವಸರವಿಲ್ಲ, ಎಷ್ಟು ತಿಂಗಳಾದರೂ ಆಗಲಿ. ನಿಮ್ಮ ಚಿಕ್ಕಪ್ಪನವರ ಜೊತೆ ಮಾತಾಡಬಹುದೇ?

ಕೆ.ಆರ್. ಮೊಹಲ್ಲಾ
ಅವರ ಕಣ್ಣು ಈಗ ಸಾಲದು. ಅವರ ಶಿಷ್ಯರಿದ್ದಾರೆ. ನಾಳೆಯೇ ಕರೆದುಕೊಂಡು ಬರುತ್ತೇನೆ.

ಸರಸ್ವತಿಪುರಂ ಗೃಹಿಣಿ
ಒಂದು ಎಚ್ಚರಿಕೆ. ದುಂಡನೆಯ ಗಾಜಿನ ಗೋಳ ಆರಿಸಬೇಡಿ. ನಮ್ಮ ಓರಗಿತ್ತಿಯ ಮನೆಯಲ್ಲಿ ಕಿಟಕಿಯ ಬಳಿ ಇಟ್ಟಿದ್ದರು, ಬೆಳಗಿನ ಬಿಸಿಲು ಅದರ ಮೂಲಕ ಒಂದೆಡೆ ಕೂಡಿ ಮೇಜಿನ ಬಟ್ಟೆ ಸುಟ್ಟು ಕಪ್ಪಾಯಿತು. ಮನೆಯಲ್ಲಿ ಯಾರೋ ಇದ್ದುದರಿಂದ ಸರಿಹೋಯಿತು.

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು
ಖಂಡಿತ ಆಗುತ್ತದೆ. ಗೋಳವೂ ಒಂದು ಮಸೂರವೇ.

ಹೆಬ್ಬಾಳದ ಕಚೇರಿಯಿಂದ
ನಮ್ಮದು ಚಪ್ಪಟೆ ಫಲಕ, ಆ ಭಯವಿಲ್ಲ. ಇಂದು ಮಧ್ಯಾಹ್ನ ಊಟದ ಹೊತ್ತಿಗೆ ಹೆಸರಿನ ಕಾಗದಗಳನ್ನು ಹಂಚಿದೆ. 38ರಲ್ಲಿ ಏಳು ಹೆಸರು ತಪ್ಪಾಗಿದ್ದವು. ಅವು ಯಂತ್ರದ ತಪ್ಪಲ್ಲ, ನಮ್ಮ ಹಾಜರಿ ಪುಸ್ತಕದ್ದೇ. ಒಬ್ಬರ ಹೆಸರಿನಲ್ಲಿ ‘ಳ’ ಇರಬೇಕಾದಲ್ಲಿ 25 ವರ್ಷದಿಂದ ‘ಲ’ ಇತ್ತು. ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ ಎಂದರು. ಪುಸ್ತಕವನ್ನೂ ತಿದ್ದಿದ್ದೇನೆ.

ಮಂಡ್ಯದ ಹೆಣ್ಣುಮಗಳು
ಲೇಸರ್ ಅಂಗಡಿಯ ಅಣ್ಣಾ, ಹಳೆಯ ಗಾಜಿನ ಮೇಲಿನ ಅಕ್ಷರವನ್ನು ಉಜ್ಜಿ ತೆಗೆದು ಮತ್ತೆ ಕೆತ್ತಲು ಆಗುತ್ತದೆಯೇ?

ಲೇಸರ್ ಅಂಗಡಿಯವನು
ಮರಳಿನ ಕೆತ್ತನೆಯಾದರೆ ಆಗುತ್ತದೆ ಅಕ್ಕಾ. ಆ ಮುಖವನ್ನು ಒಂದೆರಡು ಮಿಲಿಮೀಟರ್ ಸವೆಸಿ, ಮತ್ತೆ ಹೊಳಪು ಕೊಡಬೇಕು. ನಿಧಾನದ ಕೆಲಸ, ನಾನೇ ಮಾಡುತ್ತೇನೆ. ನಿಮ್ಮ ಅಪ್ಪನವರ ಹೆಸರನ್ನು ನಿಮ್ಮ ಕೈಬರಹದಲ್ಲೇ ಒಂದು ಕಾಗದದ ಮೇಲೆ ಬರೆದು ತನ್ನಿ.